ನಮ್ಮ ಎಂಪಿ ಯಾವ ಕಡೆ ಮತ ಹಾಕಿದರು?

ಚಳ್ಳಕೆರೆಯ ಎಪಿಎಂಸಿಯಲ್ಲಿ ಶೇಂಗಾ ಚೀಲ ಇಳಿಸಿ ರೇಟಿಗೆ ಕಾಯುವ ರೈತನಿಗೂ ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆಯ ಮಗ್ಗದ ಮುಂದೆ ಕೂತ ನೇಕಾರನಿಗೂ ದೆಹಲಿಯಲ್ಲಿ ಇರುವುದು ಒಬ್ಬರೇ ಎಂಪಿ. ವಿಧಾನಸಭೆಗೆ ಇವೆರಡೂ ಪರಿಶಿಷ್ಟ ಪಂಗಡದ ಮೀಸಲು ಕ್ಷೇತ್ರಗಳು. ಲೋಕಸಭೆಗೆ ಬಂದಾಗ ಎರಡೂ ಸೇರುವುದು ಪರಿಶಿಷ್ಟ ಜಾತಿಗೆ ಮೀಸಲಾದ ಚಿತ್ರದುರ್ಗಕ್ಕೆ. ಆ ಕ್ಷೇತ್ರ ದಕ್ಷಿಣದಲ್ಲಿ ಶಿರಾ, ಪಾವಗಡದವರೆಗೆ ಚಾಚಿಕೊಂಡಿದೆ. ಇಷ್ಟು ದೊಡ್ಡ ಕ್ಷೇತ್ರದ ಎಂಪಿ ಊರಿಗೆ ಬಂದರೆ ಜನ ಕೇಳುವ ಪ್ರಶ್ನೆಗಳು ಗೊತ್ತಿರುವಂಥವೇ. ಭದ್ರಾ ಮೇಲ್ದಂಡೆ ನೀರು ಎಲ್ಲಿಗೆ ಬಂತು? ಬೆಳೆವಿಮೆ ಯಾಕೆ ಬಂದಿಲ್ಲ? ರೈಲು ಯಾವಾಗ?

ಇನ್ನೊಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಬೇರೆ ದೇಶದಿಂದ ಜೀವ ಉಳಿಸಿಕೊಳ್ಳಲು ಓಡಿಬಂದವರಿಗೆ ಇಲ್ಲಿ ಜಾಗ ಕೊಡಬೇಕೇ, ಕೊಟ್ಟರೆ ಯಾರಿಗೆ, ಯಾವ ಕಾಗದದ ಮೇಲೆ ಎಂಬ ಕಾನೂನು ಬಂದಾಗ ನಮ್ಮ ಎಂಪಿ ಯಾವ ಕಡೆ ಮತ ಹಾಕಿದರು?

ಬರದ ಸೀಮೆಯವರಿಗೆ ಇದೆಲ್ಲ ಯಾಕೆ ಎನ್ನಬಹುದು. ಆದರೆ 2019ರ ಡಿಸೆಂಬರ್‌ನಿಂದ 2020ರ ಆರಂಭದವರೆಗೆ ರಾಜ್ಯದ ಊರೂರಲ್ಲಿ ಇದೇ ಮಾತಾಗಿತ್ತು. ಪೌರತ್ವ ಕಾಯ್ದೆಯ ತಿದ್ದುಪಡಿ ವಿರುದ್ಧದ ಪ್ರತಿಭಟನೆಯ ವೇಳೆ ಡಿಸೆಂಬರ್ 19ರಂದು ಮಂಗಳೂರಿನಲ್ಲಿ ಪೊಲೀಸ್ ಗೋಲಿಬಾರಿಗೆ ಇಬ್ಬರು ಬಲಿಯಾದರು. ಅದೇ ದಿನ ಬೆಂಗಳೂರಿನ ಟೌನ್‌ಹಾಲ್ ಮುಂದೆ ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನು ಪೊಲೀಸರು ವಶಕ್ಕೆ ತೆಗೆದುಕೊಂಡರು. ಬೀದಿಯಲ್ಲಿ ಯಾರು ಯಾವ ಕಡೆ ನಿಂತರು ಎಂಬುದು ಫೋಟೊ ಸಮೇತ ದಾಖಲಾಗಿದೆ. ಸದನದೊಳಗೆ ಕೂತವರು ಯಾವ ಕಡೆ ನಿಂತರು ಎಂದು ಹುಡುಕಲು ಹೊರಟರೆ ದಾರಿ ಅಷ್ಟು ಸಲೀಸಾಗಿಲ್ಲ.

ಚಿತ್ರದುರ್ಗ ಕ್ಷೇತ್ರದ ಮಟ್ಟಿಗೆ ಈ ಹುಡುಕಾಟಕ್ಕೆ ಒಂದು ಅನುಕೂಲವಿದೆ. ಆರು ವರ್ಷದ ಅಂತರದಲ್ಲಿ ಲೋಕಸಭೆಯಲ್ಲಿ ಇಂಥ ಮೂರು ಮಸೂದೆಗಳು ಪಾಸಾದವು. ಮೂರು ಸಲವೂ ಚಿತ್ರದುರ್ಗದ ಕುರ್ಚಿಯಲ್ಲಿ ಬೇರೆ ಬೇರೆ ವ್ಯಕ್ತಿ ಇದ್ದರು. ಮೊದಲ ಸಲ ಕಾಂಗ್ರೆಸ್‌ನ ಬಿ.ಎನ್. ಚಂದ್ರಪ್ಪ, ಆಮೇಲೆ ಬಿಜೆಪಿಯ ಎ. ನಾರಾಯಣಸ್ವಾಮಿ, ಈಗ ಬಿಜೆಪಿಯ ಗೋವಿಂದ ಕಾರಜೋಳ. ಒಂದೇ ಕ್ಷೇತ್ರ, ಒಂದೇ ವಿಷಯ, ಮೂವರು ಸಂಸದರು. ಹೋಲಿಕೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ ಎಂದುಕೊಂಡೇ ಕಡತ ತೆರೆಯಬಹುದು.

ಮೊದಲನೆಯದು 2019ರ ಜನವರಿ 8ರದು. 16ನೇ ಲೋಕಸಭೆಯ ಅವಧಿ ಮುಗಿಯುತ್ತ ಬಂದಿತ್ತು. ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಗಾನಿಸ್ತಾನದಿಂದ 2014ರ ಡಿಸೆಂಬರ್ 31ರೊಳಗೆ ಬಂದ ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ, ಕ್ರೈಸ್ತರನ್ನು ಅಕ್ರಮ ವಲಸಿಗರೆಂದು ಪರಿಗಣಿಸಬಾರದು ಎನ್ನುವ ಮಸೂದೆ ಸದನಕ್ಕೆ ಬಂತು. ರಾಜೇಂದ್ರ ಅಗರವಾಲ್ ಅಧ್ಯಕ್ಷತೆಯ ಜಂಟಿ ಸಂಸದೀಯ ಸಮಿತಿ ಹಿಂದಿನ ದಿನವಷ್ಟೇ ವರದಿ ಒಪ್ಪಿಸಿತ್ತು. ಲೋಕಸಭೆಯಲ್ಲಿ ಕಾಂಗ್ರೆಸ್‌ನ ನಾಯಕರಾಗಿದ್ದವರು ನಮ್ಮ ಕಲಬುರಗಿಯ ಮಲ್ಲಿಕಾರ್ಜುನ ಖರ್ಗೆ. ಮಸೂದೆಯನ್ನು ಆಯ್ಕೆ ಸಮಿತಿಗೆ ಕಳುಹಿಸಿ ಎಂದು ಅವರು ಪಟ್ಟು ಹಿಡಿದರು. ಸರ್ಕಾರ ಒಪ್ಪಲಿಲ್ಲ. ಕಾಂಗ್ರೆಸ್ ಸಭಾತ್ಯಾಗ ಮಾಡಿತು. ಮಸೂದೆ ಧ್ವನಿಮತದಿಂದ ಪಾಸಾಯಿತು.

ಸಭಾತ್ಯಾಗವನ್ನು ಲೋಕಸಭೆಯ ನಡಾವಳಿ ದಾಖಲಿಸಿಕೊಳ್ಳುವ ರೂಢಿ ನೋಡಬೇಕು. ಪಕ್ಷದ ನಾಯಕರ ಹೆಸರು ಹೇಳಿ, ಅವರೂ ‘ಇನ್ನು ಕೆಲವು ಮಾನ್ಯ ಸದಸ್ಯರೂ’ ಈ ಹಂತದಲ್ಲಿ ಸದನದಿಂದ ಹೊರನಡೆದರು ಎಂದು ಒಂದು ಸಾಲು ಬರೆಯುತ್ತಾರೆ. ಚಿತ್ರದುರ್ಗದಿಂದ ಲಕ್ಷಾಂತರ ಮತ ಪಡೆದು ಹೋದವರೂ ಆ ‘ಇನ್ನು ಕೆಲವರ’ ಒಳಗೇ ಸೇರಿಬಿಡುತ್ತಾರೆ. ಹೊರನಡೆದವರು ಮಸೂದೆಯನ್ನು ವಿರೋಧಿಸಿದರೇ, ಅದು ಸಮಿತಿಗೆ ಹೋಗಲಿಲ್ಲ ಎಂಬುದನ್ನಷ್ಟೇ ವಿರೋಧಿಸಿದರೇ? ಎರಡೂ ಬೇರೆ ಬೇರೆ ಸಂಗತಿ. ಸಭಾತ್ಯಾಗ ಇವೆರಡನ್ನೂ ಒಂದೇ ಮಾಡಿಬಿಡುತ್ತದೆ. ಅದಕ್ಕೇ ಎಲ್ಲ ಪಕ್ಷಗಳಿಗೂ ಅದರ ಮೇಲೆ ಅಷ್ಟೊಂದು ಪ್ರೀತಿ.

ಧ್ವನಿಮತ ಎಂದರೆ ಏನೆಂದು ಟಿವಿಯಲ್ಲಿ ನೋಡಿದವರಿಗೆ ಗೊತ್ತು. ಪರ ಇರುವವರು ‘ಹೌದು’ ಎನ್ನಿ ಎಂದು ಸ್ಪೀಕರ್ ಹೇಳುತ್ತಾರೆ, ಒಂದಿಷ್ಟು ಸದ್ದಾಗುತ್ತದೆ. ವಿರುದ್ಧ ಇರುವವರು ‘ಇಲ್ಲ’ ಎನ್ನಿ ಎನ್ನುತ್ತಾರೆ, ಇನ್ನೊಂದಿಷ್ಟು ಸದ್ದು. ‘ಹೌದು ಎಂದವರೇ ಹೆಚ್ಚಿದ್ದಾರೆಂದು ನನ್ನ ಭಾವನೆ’ ಎಂದು ಸ್ಪೀಕರ್ ಹೇಳಿ, ಯಾರೂ ಆಕ್ಷೇಪಿಸದಿದ್ದರೆ ಮಸೂದೆ ಪಾಸಾಯಿತು. ಎಷ್ಟು ಜನ ಹೌದು ಎಂದರು, ಯಾರು ಸುಮ್ಮನಿದ್ದರು, ಯಾರು ಕ್ಯಾಂಟೀನಿನಲ್ಲಿದ್ದರು ಎಂಬ ಲೆಕ್ಕ ಎಲ್ಲೂ ಉಳಿಯುವುದಿಲ್ಲ. ಸಾಮಾನ್ಯ ಮಸೂದೆಗಳಲ್ಲಿ ಬಹುಪಾಲು ಹೀಗೇ ಪಾಸಾಗುತ್ತವೆ. ಹೆಸರು ಹಿಡಿದು ಎಣಿಸಲೇಬೇಕಾಗುವುದು ಸಂವಿಧಾನ ತಿದ್ದುಪಡಿಯಂಥ ಕೆಲವೇ ಸಂದರ್ಭಗಳಲ್ಲಿ, ಅಲ್ಲಿ ಮೂರನೇ ಎರಡರಷ್ಟು ಬಹುಮತ ಬೇಕಾದ್ದರಿಂದ. ಮಿಕ್ಕ ಮಸೂದೆಗಳಿಗೆ ಯಾರಾದರೂ ಸದಸ್ಯರು ಧ್ವನಿಮತ ಒಪ್ಪದೆ ‘ಡಿವಿಷನ್’ ಕೇಳಬೇಕು. ಕೇಳಿದರೂ ಸಿಕ್ಕೇ ಸಿಗುತ್ತದೆಂದಿಲ್ಲ. 2020ರ ಸೆಪ್ಟೆಂಬರ್ 20ರಂದು ಕೃಷಿ ಮಸೂದೆಗಳು ರಾಜ್ಯಸಭೆಗೆ ಬಂದಾಗ ವಿರೋಧ ಪಕ್ಷದವರು ಡಿವಿಷನ್ ಕೇಳುತ್ತಲೇ ಇದ್ದರು, ಗದ್ದಲದ ನಡುವೆ ಮಸೂದೆಗಳು ಧ್ವನಿಮತದಲ್ಲಿ ದಾಟಿಹೋದವು. ನಮ್ಮ ವಿಧಾನ ಪರಿಷತ್ತಿನಲ್ಲಿ 2021ರ ಫೆಬ್ರುವರಿ 8ರಂದು ಗೋಹತ್ಯೆ ನಿಷೇಧ ಮಸೂದೆ ಪಾಸಾಗಿದ್ದೂ ಗದ್ದಲದಲ್ಲಿ, ಧ್ವನಿಮತದಲ್ಲೇ.

ಜನವರಿಯ ಆ ಮಸೂದೆ ರಾಜ್ಯಸಭೆಯ ಮೆಟ್ಟಿಲು ಹತ್ತುವ ಮೊದಲೇ ಲೋಕಸಭೆಯ ಅವಧಿ ಮುಗಿಯಿತು. ಮಸೂದೆಯೂ ಬಿದ್ದುಹೋಯಿತು. ಆ ವರ್ಷದ ಚುನಾವಣೆಯಲ್ಲಿ ಚಂದ್ರಪ್ಪ ಸೋತರು, ನಾರಾಯಣಸ್ವಾಮಿ ಗೆದ್ದರು. ಹೊಸ ಸಂಸದರ ಹೆಸರು ರಾಜ್ಯದಾಚೆಗೂ ಕೇಳಿಬಂದದ್ದು ಬೇರೊಂದು ಕಾರಣಕ್ಕೆ. ಆ ಸೆಪ್ಟೆಂಬರ್‌ನಲ್ಲಿ ಪಾವಗಡ ತಾಲ್ಲೂಕಿನ ಗೊಲ್ಲರಹಟ್ಟಿಯೊಂದಕ್ಕೆ ಹೋದಾಗ ದಲಿತರೆಂಬ ಕಾರಣಕ್ಕೆ ಅವರನ್ನು ಹಟ್ಟಿಯ ಒಳಗೆ ಬಿಡಲಿಲ್ಲ. ತಮ್ಮದೇ ಮತದಾರರ ಊರಿನ ಹೊರಗೆ ನಿಂತು ವಾಪಸಾದ ಸಂಸದರ ಪಾಲಿಗೆ ಮೂರು ತಿಂಗಳಲ್ಲಿ ಬಂದದ್ದು, ದೇಶದೊಳಗೆ ಯಾರಿಗೆ ಜಾಗ ಎಂದು ತೀರ್ಮಾನಿಸುವ ಮಸೂದೆ.

ಈ ಸಲದ ದಾಖಲೆ ಬೇರೆಯೇ ತರಹದ್ದು. 2019ರ ಡಿಸೆಂಬರ್ 9ರ ಸೋಮವಾರ ಗೃಹ ಸಚಿವ ಅಮಿತ್ ಶಾ ಪೌರತ್ವ ತಿದ್ದುಪಡಿ ಮಸೂದೆಯನ್ನು ಹೊಸದಾಗಿ ಮಂಡಿಸಲು ಎದ್ದಾಗಲೇ ವಿರೋಧ ಬಂತು. ಮಂಡನೆಗೇ ಮತಕ್ಕೆ ಹಾಕಬೇಕಾಯಿತು. ಪರ 293, ವಿರುದ್ಧ 82. ಏಳು ತಾಸಿಗೂ ಮೀರಿ ಚರ್ಚೆ ನಡೆಯಿತು. ಅಸಾದುದ್ದೀನ್ ಒವೈಸಿ ಮಸೂದೆಯ ಪ್ರತಿಯನ್ನು ಸದನದಲ್ಲೇ ಹರಿದರು. ಗಡಿಯಾರ ಮಧ್ಯರಾತ್ರಿ ದಾಟಿದ ಮೇಲೆ ಅಂತಿಮ ಮತದಾನವಾಯಿತು. ಪರ 311, ವಿರುದ್ಧ 80.

ಡಿವಿಷನ್ ಎಂದಾಗ ನಡೆಯುವುದು ಹೀಗೆ. ಮೊದಲು ಗಂಟೆ ಮೊಳಗುತ್ತದೆ. ಮೂರೂವರೆ ನಿಮಿಷ ಮೊಗಸಾಲೆ, ಗ್ರಂಥಾಲಯ, ಕ್ಯಾಂಟೀನ್ ಎಲ್ಲ ಕಡೆ ಕೇಳಿಸುತ್ತದೆ. ಸದಸ್ಯರು ಓಡಿಬಂದು ತಂತಮ್ಮ ಜಾಗದಲ್ಲಿ ಕೂರುತ್ತಾರೆ, ಬಾಗಿಲು ಹಾಕುತ್ತಾರೆ. ಮುಂದಿನ ಮೇಜಿನ ಮೇಲೆ ಗುಂಡಿಗಳಿರುತ್ತವೆ. ಹಸಿರು ಎಂದರೆ ಪರ, ಕೆಂಪು ಎಂದರೆ ವಿರೋಧ, ಹಳದಿ ಎಂದರೆ ತಟಸ್ಥ. ಫಲಕದ ಮೇಲೆ ಅಂಕಿ ಮೂಡುತ್ತದೆ. ಯಾರದೋ ಗುಂಡಿ ಕೆಲಸ ಮಾಡಿರುವುದಿಲ್ಲ, ಇನ್ಯಾರೋ ಗಡಿಬಿಡಿಯಲ್ಲಿ ತಪ್ಪು ಗುಂಡಿ ಒತ್ತಿರುತ್ತಾರೆ. ಅವರಿಗೆಲ್ಲ ಚೀಟಿ ಕೊಡುತ್ತಾರೆ, ಬರೆದುಕೊಡುತ್ತಾರೆ. ಅದಕ್ಕೇ ಸ್ಪೀಕರ್ ಫಲಿತಾಂಶ ಹೇಳುವಾಗ ‘ತಿದ್ದುಪಡಿಗೆ ಒಳಪಟ್ಟು’ ಎಂದು ಸೇರಿಸುವುದು. ಆ ದಿನದ ನಡಾವಳಿಯಲ್ಲಿ ಪಟ್ಟಿಗಳು ಅಚ್ಚಾಗುತ್ತವೆ, ಪರ ಇದ್ದವರದು ಒಂದು, ವಿರುದ್ಧ ಇದ್ದವರದು ಒಂದು. ಇಂಗ್ಲಿಷ್ ಅಕ್ಷರಮಾಲೆಯ ಪ್ರಕಾರ ಒಂದರ ಕೆಳಗೊಂದು ಹೆಸರು, ಪಕ್ಕದಲ್ಲಿ ಪಕ್ಷ ಇರುವುದಿಲ್ಲ, ಊರೂ ಇರುವುದಿಲ್ಲ. ಅಡಿಯಲ್ಲಿ ಸಣ್ಣಕ್ಷರದ ಟಿಪ್ಪಣಿಯಲ್ಲಿ ಚೀಟಿ ಬರೆದುಕೊಟ್ಟವರ ಹೆಸರು. ಸದನದ ಕಡತಗಳಲ್ಲಿ ನನಗೆ ಅತಿ ಹೆಚ್ಚು ಇಷ್ಟವಾಗುವ ಪುಟ ಇದೇ. ಭಾಷಣ ಇಲ್ಲ, ಚಪ್ಪಾಳೆ ಇಲ್ಲ, ಹೆಸರು ಮಾತ್ರ.

‘ನಾರಾಯಣಸ್ವಾಮಿ ಬಿಜೆಪಿ, ಅವರು ಪರ ಅಲ್ಲದೆ ಇನ್ನೇನು’ ಎಂದು ಯಾರಾದರೂ ಹೇಳಿಯಾರು. ಅಷ್ಟು ಸುಲಭವಾಗಿ ಹೇಳಿಬಿಡುವ ಹಾಗಿಲ್ಲ ಎಂಬುದಕ್ಕೆ ಅಂದಿನ ಅಂಕಿಯೇ ಸಾಕ್ಷಿ. ಆ ಚುನಾವಣೆಯಲ್ಲಿ ಬಿಜೆಪಿಯೊಂದೇ ಗೆದ್ದದ್ದು 303 ಸ್ಥಾನ. ಮಸೂದೆಗೆ ಬೆಂಬಲ ಸೂಚಿಸಿದ ವೈಎಸ್‌ಆರ್ ಕಾಂಗ್ರೆಸ್‌ನ 22, ಶಿವಸೇನೆಯ 18, ಜೆಡಿಯುನ 16, ಬಿಜೆಡಿಯ 12 ಸೇರಿಸಿದರೆ 371 ಆಗುತ್ತದೆ. ಬಿದ್ದ ಮತ 311. ಅಂದರೆ ಬೆಂಬಲಿಸುವ ಪಕ್ಷಗಳ ಕಡೆಯಿಂದಲೇ ಐವತ್ತು ಅರವತ್ತು ಮಂದಿ ಆ ಮಧ್ಯರಾತ್ರಿಯ ಪಟ್ಟಿಯಲ್ಲಿಲ್ಲ. ಇಡೀ ಸದನದ ಲೆಕ್ಕ ಹಿಡಿದರೆ ಸುಮಾರು ನೂರೈವತ್ತು ಹೆಸರುಗಳು ಯಾವ ಪಟ್ಟಿಯಲ್ಲೂ ಸಿಗುವುದಿಲ್ಲ. ಹುಷಾರಿಲ್ಲದೆ ಬರಲಿಲ್ಲವೋ, ಊರಿಗೆ ಹೋಗಿದ್ದರೋ, ಬೇಕೆಂದೇ ತಪ್ಪಿಸಿಕೊಂಡರೋ, ಕಾಗದ ಅದನ್ನು ಹೇಳುವುದಿಲ್ಲ. ಪಕ್ಷ ನೋಡಿ ಮತ ಊಹಿಸುವುದು ಬೇರೆ, ಪಟ್ಟಿಯಲ್ಲಿ ಹೆಸರಿನ ಮೇಲೆ ಬೆರಳಿಟ್ಟು ಹೇಳುವುದು ಬೇರೆ. 17ನೇ ಲೋಕಸಭೆಯ ಎರಡನೇ ಅಧಿವೇಶನದ ಆ ದಿನದ ನಡಾವಳಿ ಸಾರ್ವಜನಿಕವಾಗಿ ಸಿಗುತ್ತದೆ. ಚಿತ್ರದುರ್ಗದವರಷ್ಟೇ ಅಲ್ಲ, ರಾಜ್ಯದ 28 ಕ್ಷೇತ್ರಗಳ ಮತದಾರರೂ ತಮ್ಮವರ ಹೆಸರು ಎಲ್ಲಿದೆ ಎಂದು ನೋಡಿಕೊಳ್ಳಬಹುದು.

ಹೆಸರು ಸಿಕ್ಕಿತು ಎನ್ನೋಣ. ಅದು ಆ ವ್ಯಕ್ತಿಯ ಅಭಿಪ್ರಾಯವೇ? ಇಲ್ಲಿಗೆ 1985 ಬಂದು ಅಡ್ಡ ನಿಲ್ಲುತ್ತದೆ. ಆ ವರ್ಷ ಸಂವಿಧಾನದ 52ನೇ ತಿದ್ದುಪಡಿಯ ಮೂಲಕ ಬಂದ ಹತ್ತನೇ ಅನುಸೂಚಿ, ಅಂದರೆ ಪಕ್ಷಾಂತರ ನಿಷೇಧ ಕಾನೂನು, ಪಕ್ಷ ಬಿಟ್ಟು ಹಾರುವವರನ್ನಷ್ಟೇ ಹಿಡಿಯುವುದಿಲ್ಲ. ಹೀಗೇ ಮತ ಹಾಕಬೇಕೆಂದು ಪಕ್ಷ ವಿಪ್ ಕೊಟ್ಟ ಮೇಲೆ ಅದಕ್ಕೆ ವಿರುದ್ಧ ಮತ ಹಾಕಿದರೂ, ಮತ ಹಾಕದೆ ಉಳಿದರೂ ಸದಸ್ಯತ್ವ ಹೋಗಬಹುದು. ಪಕ್ಷ 15 ದಿನದೊಳಗೆ ಮನ್ನಿಸಿದರೆ ಮಾತ್ರ ಪಾರು. 1992ರಲ್ಲಿ ಕಿಹೋಟೊ ಹೊಲ್ಲೊಹಾನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಕಾನೂನನ್ನು ಎತ್ತಿಹಿಡಿಯಿತು. ಸರ್ಕಾರ ಉಳಿಸುವ ಉರುಳಿಸುವ ಮತಕ್ಕೆ ಈ ಬಿಗಿ ಇರಲಿ ಎನ್ನುವುದು ಅರ್ಥವಾಗುತ್ತದೆ. ಕರ್ನಾಟಕದಲ್ಲಿ ಕುಳಿತು ರೆಸಾರ್ಟ್ ರಾಜಕಾರಣ ನೋಡಿದವರು ಅದನ್ನು ಬೇಡ ಎನ್ನಲಾರರು. ಆದರೆ ಪರದೇಶದಿಂದ ಓಡಿಬಂದ ಕುಟುಂಬವೊಂದಕ್ಕೆ ಇಲ್ಲಿ ಉಳಿಯುವ ಹಕ್ಕು ಇದೆಯೇ ಎಂಬ ಪ್ರಶ್ನೆಗೂ ಅದೇ ಬಿಗಿ ಏಕೆ ಎಂಬುದಕ್ಕೆ ನನಗೆ ಇದುವರೆಗೆ ಒಪ್ಪುವಂಥ ಉತ್ತರ ಸಿಕ್ಕಿಲ್ಲ. ಹೀಗಾಗಿ ನಮ್ಮಲ್ಲಿ ಇಬ್ಬರು ಸಂಸದರ ಮತ ಹೋಲಿಸಿದರೆ ಬಹುತೇಕ ಇಬ್ಬರು ಸಚೇತಕರ ಸಹಿ ಹೋಲಿಸಿದಂತೆ.

ಪಕ್ಷಗಳನ್ನಾದರೂ ಹೋಲಿಸೋಣ ಎಂದರೆ ಅಲ್ಲೂ ನೆಲ ಜಾರುತ್ತದೆ. ಲೋಕಸಭೆಯಲ್ಲಿ ಪರ ಮತ ಹಾಕಿದ ಶಿವಸೇನೆ, ಎರಡೇ ದಿನದಲ್ಲಿ, ಡಿಸೆಂಬರ್ 11ರಂದು, ರಾಜ್ಯಸಭೆಯಲ್ಲಿ ಮತದಾನದಿಂದ ದೂರ ಉಳಿಯಿತು. ಅಲ್ಲಿ ಮಸೂದೆ 125–105ರಲ್ಲಿ ಪಾಸಾಯಿತು. ಮೊಳಕಾಲ್ಮುರಿನ ಪಕ್ಕಕ್ಕೇ ನೋಡಿ. ಅಲ್ಲಿಂದ ಬಸ್ ಹತ್ತಿದರೆ ಸ್ವಲ್ಪ ಹೊತ್ತಿನಲ್ಲಿ ರಾಯದುರ್ಗ, ಆಂಧ್ರಪ್ರದೇಶ. ಎರಡೂ ಕಡೆ ಕನ್ನಡ, ತೆಲುಗು ಎರಡೂ ಓಡುತ್ತವೆ, ಕೊಟ್ಟು ತಂದ ಸಂಬಂಧಗಳಿವೆ. ಆದರೆ ರಾಯದುರ್ಗದವರ ಎಂಪಿ ಅನಂತಪುರದವರು. ಅಂದು ಆ ಸ್ಥಾನ ವೈಎಸ್‌ಆರ್ ಕಾಂಗ್ರೆಸ್ ಕೈಯಲ್ಲಿತ್ತು. ಆ ಪಕ್ಷ ಮಸೂದೆಯನ್ನು ಬೆಂಬಲಿಸಿತು. ಆಂಧ್ರದಲ್ಲಿ ಅದರ ಕಡುವೈರಿಯಾದ ತೆಲುಗುದೇಶಂ ಕೂಡ ಬೆಂಬಲಿಸಿತು. ಅಂದರೆ ರಾಯದುರ್ಗದ ಮತದಾರ ಯಾರಿಗೆ ಓಟು ಹಾಕಿದ್ದರೂ ದೆಹಲಿಯಲ್ಲಿ ಅದು ‘ಹೌದು’ ಎಂದೇ ಬೀಳುತ್ತಿತ್ತು. ಮಸೂದೆ ಕಾನೂನಾದ ಹದಿನೈದು ದಿನದೊಳಗೆ, ಡಿಸೆಂಬರ್ 23ರಂದು ಮುಖ್ಯಮಂತ್ರಿ ಜಗನ್ಮೋಹನ ರೆಡ್ಡಿ ಕಡಪದಲ್ಲಿ ನಿಂತು, ನಮ್ಮ ರಾಜ್ಯದಲ್ಲಿ ರಾಷ್ಟ್ರೀಯ ಪೌರತ್ವ ನೋಂದಣಿ (ಎನ್‌ಆರ್‌ಸಿ) ಜಾರಿ ಮಾಡುವುದಿಲ್ಲ ಎಂದು ಘೋಷಿಸಿದರು. ಸದನದಲ್ಲಿ ಹಾಕಿದ ಮತ ಒಂದು, ಊರಲ್ಲಿ ಆಡಿದ ಮಾತು ಇನ್ನೊಂದು.

ಕಾಂಗ್ರೆಸ್‌ಗೂ ಇಂಥ ಹಳೆಯ ಪುಟವಿದೆ. ‘ಅಕ್ರಮ ವಲಸಿಗ’ ಎಂಬ ವ್ಯಾಖ್ಯೆಯನ್ನು ಪೌರತ್ವ ಕಾಯ್ದೆಗೆ ತಂದ 2003ರ ತಿದ್ದುಪಡಿ ವಾಜಪೇಯಿ ಸರ್ಕಾರದ್ದು. ರಾಜ್ಯಸಭೆಯಲ್ಲಿ ಅದರ ಚರ್ಚೆ ನಡೆದಾಗ ವಿರೋಧ ಪಕ್ಷದ ನಾಯಕರಾಗಿದ್ದ ಮನಮೋಹನ್ ಸಿಂಗ್, ಬಾಂಗ್ಲಾದೇಶದಂಥ ಕಡೆಯಿಂದ ಕಿರುಕುಳ ತಾಳದೆ ಬಂದ ಅಲ್ಪಸಂಖ್ಯಾತರಿಗೆ ಪೌರತ್ವ ಕೊಡುವಲ್ಲಿ ಉದಾರವಾಗಿರಬೇಕು ಎಂದು ಸರ್ಕಾರವನ್ನು ಕೇಳಿದ್ದರು. 2019ರಲ್ಲಿ ಬಿಜೆಪಿ ಆ ಮಾತನ್ನು ಸಿಕ್ಕಸಿಕ್ಕಲ್ಲಿ ಎತ್ತಿ ತೋರಿಸಿತು. ಅಂದಹಾಗೆ 2003ರಲ್ಲಿ ಚಿತ್ರದುರ್ಗದ ಎಂಪಿ ಚಿತ್ರನಟ ಶಶಿಕುಮಾರ್. ಆಗ ಈ ತಿದ್ದುಪಡಿಯ ಬಗ್ಗೆ ಅವರನ್ನು ಯಾರಾದರೂ ಒಂದು ಮಾತು ಕೇಳಿದ್ದರೆ ಆಶ್ಚರ್ಯ.

ಈಗ ಮೂರನೆಯ ಮಸೂದೆ. 2025ರ ಮಾರ್ಚ್ 27ರಂದು ಲೋಕಸಭೆ ‘ವಲಸೆ ಮತ್ತು ವಿದೇಶಿಯರ ಮಸೂದೆ’ಯನ್ನು ಪಾಸು ಮಾಡಿತು. ಬ್ರಿಟಿಷರ ಕಾಲದ 1920ರ ಪಾಸ್‌ಪೋರ್ಟ್ (ಭಾರತ ಪ್ರವೇಶ) ಕಾಯ್ದೆ, 1939ರ ವಿದೇಶಿಯರ ನೋಂದಣಿ ಕಾಯ್ದೆ, 1946ರ ವಿದೇಶಿಯರ ಕಾಯ್ದೆಗಳ ಜೊತೆಗೆ 2000ದ ಇನ್ನೊಂದು ಕಾಯ್ದೆಯನ್ನೂ ತೆಗೆದುಹಾಕಿ, ನಾಲ್ಕರ ಜಾಗದಲ್ಲಿ ಒಂದೇ ಕಾನೂನು ತಂದ ಮಸೂದೆ ಅದು. ಯಾರು ಒಳಗೆ ಬರಬಹುದು, ಯಾರನ್ನು ಹೊರಗೆ ಕಳುಹಿಸಬಹುದು, ವೀಸಾ ಮುಗಿದ ಮೇಲೂ ಉಳಿದರೆ ಏನು ಶಿಕ್ಷೆ ಎಲ್ಲವೂ ಅದರಲ್ಲಿದೆ. ನಿರಾಶ್ರಿತರು ಎಂಬ ಪ್ರತ್ಯೇಕ ವರ್ಗಕ್ಕೆ ಅದರಲ್ಲಿ ಜಾಗವಿಲ್ಲ. ಆಶ್ರಯ ಬೇಡಿ ಬಂದವರ ಬದುಕಿಗೆ ಪೌರತ್ವ ತಿದ್ದುಪಡಿಗಿಂತ ಹೆಚ್ಚು ಹತ್ತಿರದ ಕಾನೂನು ಇದೇ ಎಂದರೂ ಸರಿ. ಪಾಸಾದದ್ದು ಧ್ವನಿಮತದಲ್ಲಿ. ಏಪ್ರಿಲ್ 2ರಂದು ರಾಜ್ಯಸಭೆಯಲ್ಲೂ ಧ್ವನಿಮತ.

ಆ ಏಪ್ರಿಲ್ 2 ನೆನಪಿರಬಹುದು. ಅಂದು ಲೋಕಸಭೆಯಲ್ಲಿ ವಕ್ಫ್ ತಿದ್ದುಪಡಿ ಮಸೂದೆ. ಇಡೀ ದೇಶ ಟಿವಿ ಮುಂದೆ ಕೂತಿತ್ತು, ಮಧ್ಯರಾತ್ರಿ ಕಳೆದು ಡಿವಿಷನ್ ಆಯಿತು, 288–232. ವಾರದೊಳಗೆ ಎರಡು ಮಸೂದೆ, ಸದನ ಅದೇ, ಚಿತ್ರದುರ್ಗದ ಎಂಪಿ ಅದೇ ಗೋವಿಂದ ಕಾರಜೋಳ. ಒಂದಕ್ಕೆ ಹೆಸರು ಹೆಸರಾಗಿ ಲೆಕ್ಕವಿದೆ, ಇನ್ನೊಂದಕ್ಕೆ ಸದ್ದು ಮಾತ್ರ. ಮಸೂದೆ ಎಷ್ಟು ಮುಖ್ಯ ಎಂಬುದಕ್ಕಿಂತ ಅದರ ಸುತ್ತ ಎಷ್ಟು ಗಲಾಟೆ ಎದ್ದಿತು ಎಂಬುದರ ಮೇಲೆ ದಾಖಲೆ ಉಳಿಯುವುದು ನಿಂತಿದೆ. ವಿರೋಧ ಪಕ್ಷಗಳನ್ನೂ ಇಲ್ಲಿ ಬಿಟ್ಟುಕೊಡುವ ಹಾಗಿಲ್ಲ. ಸದನದಲ್ಲಿ ಅವರ ಬಲ 2019ಕ್ಕಿಂತ ಎಷ್ಟೋ ಹೆಚ್ಚಾಗಿತ್ತು. ವಕ್ಫ್‌ಗೆ 232 ಮತ ಕೂಡಿಸಿದವರು ವಿದೇಶಿಯರ ಮಸೂದೆಗೂ ಅದೇ ಪಟ್ಟು ಹಿಡಿದಿದ್ದರೆ ನಮ್ಮ ಕೈಯಲ್ಲಿ ಇವತ್ತು ಎರಡನೆಯ ಪಟ್ಟಿಯೂ ಇರುತ್ತಿತ್ತು.

ಮೂರರಲ್ಲಿ ಒಂದಕ್ಕೆ ಮಾತ್ರ ಹೆಸರಿನ ದಾಖಲೆ ಎಂಬುದೇ ಪೂರ್ತಿ ಕಥೆ ಅಲ್ಲ. ಆಶ್ರಯ, ವೀಸಾಗಳ ಬಹುಪಾಲು ತೀರ್ಮಾನಗಳು ಸದನಕ್ಕೆ ಬರುವುದೇ ಇಲ್ಲ. ಭಾರತ 1951ರ ನಿರಾಶ್ರಿತರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸಹಿ ಹಾಕಿಲ್ಲ, ನಿರಾಶ್ರಿತರಿಗೆಂದೇ ಒಂದು ಕಾನೂನೂ ನಮ್ಮಲ್ಲಿಲ್ಲ. ನಡೆಯುವುದೆಲ್ಲ ಗೃಹ ಸಚಿವಾಲಯದ ಆದೇಶ, ಅಧಿಸೂಚನೆಗಳ ಮೇಲೆ. ಪೌರತ್ವ ತಿದ್ದುಪಡಿಯ ಮೂಲ ಚೌಕಟ್ಟು, 2014ರ ಡಿಸೆಂಬರ್ 31ರ ಗಡುವು ಸಮೇತ, ಮೊದಲು ಕಾಣಿಸಿಕೊಂಡದ್ದು 2015ರ ಸೆಪ್ಟೆಂಬರ್ 7ರ ಅಧಿಸೂಚನೆಗಳಲ್ಲಿ. ಪಾಕಿಸ್ತಾನ, ಬಾಂಗ್ಲಾದೇಶದಿಂದ ಬಂದ ಅಲ್ಪಸಂಖ್ಯಾತರು ಪಾಸ್‌ಪೋರ್ಟ್ ಇಲ್ಲದೆಯೂ, ವೀಸಾ ಮುಗಿದರೂ ಇಲ್ಲಿರಬಹುದು ಎಂದವು ಅವು. 2016ರಲ್ಲಿ ಅಫ್ಗಾನಿಸ್ತಾನ ಸೇರಿತು. ಒಬ್ಬ ಸಂಸದರೂ ಗುಂಡಿ ಒತ್ತಬೇಕಾಗಿ ಬರಲಿಲ್ಲ. 2021ರ ಆಗಸ್ಟ್‌ನಲ್ಲಿ ಕಾಬೂಲ್ ತಾಲಿಬಾನ್ ಕೈಗೆ ಬಿದ್ದಾಗ ಎರಡೇ ದಿನದಲ್ಲಿ ಅಫ್ಗನ್ನರಿಗೆಂದು ಹೊಸ ತುರ್ತು ಇ–ವೀಸಾ ಬಂತು, ವಾರ ಕಳೆಯುತ್ತಲೇ, ಭಾರತದ ಹೊರಗಿದ್ದ ಅಫ್ಗನ್ನರಿಗೆ ಅದುವರೆಗೆ ಕೊಟ್ಟಿದ್ದ ಮಿಕ್ಕ ವೀಸಾಗಳೆಲ್ಲ ರದ್ದಾದವು. 2025ರ ಸೆಪ್ಟೆಂಬರ್ 1ರಂದು ಹೊಸ ವಿದೇಶಿಯರ ಕಾಯ್ದೆ ಜಾರಿಗೆ ಬಂದಾಗ ಅದರ ಜೊತೆಯಲ್ಲೇ ವಿನಾಯಿತಿ ಆದೇಶವೂ ಬಂತು. 2024ರ ಡಿಸೆಂಬರ್ 31ರೊಳಗೆ ಬಂದ ಮೂರು ದೇಶಗಳ ಅಲ್ಪಸಂಖ್ಯಾತರಿಗೆ ಶಿಕ್ಷೆಯಿಂದ ರಿಯಾಯಿತಿ. 2015ರ ಜನವರಿ 9ರೊಳಗೆ ಬಂದು ಹೆಸರು ನೋಂದಾಯಿಸಿದ ಶ್ರೀಲಂಕಾ ತಮಿಳರಿಗೂ ಅಷ್ಟೇ. ಪೌರತ್ವ ತಿದ್ದುಪಡಿ ಕಾಯ್ದೆಯಲ್ಲಿ ಇಲ್ಲದ ತಮಿಳರು ಆದೇಶದಲ್ಲಿ ಬಂದರು. ಒಳ್ಳೆಯದೇ ಆಯಿತು ಎನ್ನಿ. ಆದರೆ ಯಾರನ್ನು ಹೊಗಳುವುದು, ಯಾರನ್ನು ಕೇಳುವುದು?

ಮತವೇ ಇಲ್ಲದೆ ಆದ ತೀರ್ಮಾನಗಳಲ್ಲಿ ಅತಿ ದೊಡ್ಡದೊಂದು ಇದೇ ಮಣ್ಣಿನ ರಾಜಕಾರಣಿಯ ಹೆಸರಿನಲ್ಲಿದೆ. ಎಸ್. ನಿಜಲಿಂಗಪ್ಪ 1952ರಲ್ಲಿ ಚಿತ್ರದುರ್ಗದಿಂದ ಮೊದಲ ಲೋಕಸಭೆಗೆ ಹೋದರು. ಇವತ್ತು ನಾವು ತಿದ್ದುತ್ತಲೇ ಇರುವ 1955ರ ಪೌರತ್ವ ಕಾಯ್ದೆ ರೂಪುಗೊಂಡದ್ದು ಆ ಸದನದಲ್ಲೇ. 1956ರಲ್ಲಿ ಅವರು ಏಕೀಕೃತ ಮೈಸೂರು ರಾಜ್ಯದ ಮುಖ್ಯಮಂತ್ರಿಯಾದರು, 1957ರಲ್ಲಿ ಮೊಳಕಾಲ್ಮುರಿನಿಂದ ವಿಧಾನಸಭೆಗೆ ಆರಿಸಿಬಂದರು. ಬುದ್ಧ ಜಯಂತಿಗೆಂದು ಭಾರತಕ್ಕೆ ಬಂದಿದ್ದ ದಲೈ ಲಾಮಾ ಅವರನ್ನು ಭೇಟಿಯಾದದ್ದೂ ಆ ದಿನಗಳಲ್ಲೇ. 1959ರಲ್ಲಿ ಟಿಬೆಟ್‌ನಿಂದ ಜನ ಗಡಿ ದಾಟಿ ಬಂದಾಗ ನೆಹರೂ ರಾಜ್ಯಗಳನ್ನು ಜಾಗ ಕೇಳಿದರು. ಮೈಸೂರು ಮುಂದೆ ಬಂತು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟಿತು. ನಿಜ ಹೇಳಬೇಕೆಂದರೆ 1960–61ರಲ್ಲಿ ಅಲ್ಲಿ ಡೇರೆಗಳು ಎದ್ದಾಗ ಮುಖ್ಯಮಂತ್ರಿಯಾಗಿದ್ದವರು ಬಿ.ಡಿ. ಜತ್ತಿ. ಟಿಬೆಟನ್ನರ ಕೃತಜ್ಞತೆಯೆಲ್ಲ ನಿಜಲಿಂಗಪ್ಪನವರ ಕಡೆಗೇ ಹರಿದು, ಜತ್ತಿಯವರ ಹೆಸರು ಹಿಂದೆ ಉಳಿದಿದೆ. 1966ರಲ್ಲಿ ಮುಂಡಗೋಡಿನ ಶಿಬಿರ ಶುರುವಾಗುವ ಹೊತ್ತಿಗೆ ನಿಜಲಿಂಗಪ್ಪ ಮತ್ತೆ ಅಧಿಕಾರದಲ್ಲಿದ್ದರು. ಹುಣಸೂರು, ಕೊಳ್ಳೇಗಾಲ ಸೇರಿ ರಾಜ್ಯದಲ್ಲಿ ಇಂಥ ಐದು ನೆಲೆಗಳಾದವು. ದಲೈ ಲಾಮಾ ಇವತ್ತಿಗೂ ನಿಜಲಿಂಗಪ್ಪನವರ ಹೆಸರನ್ನು ಮರೆಯದೆ ಎತ್ತುತ್ತಾರೆ.

ಕಾಡು ಕಡಿದು, ಜ್ವರಕ್ಕೆ ಸಿಕ್ಕು, ಮುಸುಕಿನ ಜೋಳ ಬೆಳೆದು ಬದುಕು ಕಟ್ಟಿಕೊಂಡ ಆ ಜನರಿಗೆ 2019ರ ತಿದ್ದುಪಡಿಯಲ್ಲಿ ಜಾಗ ಸಿಗಲಿಲ್ಲ. ಚೀನಾ ಆ ಮೂರು ದೇಶಗಳಲ್ಲಿ ಇಲ್ಲ. 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಇಲ್ಲೇ ಹುಟ್ಟಿದ ಟಿಬೆಟನ್ನರು ಹುಟ್ಟಿನಿಂದಲೇ ಭಾರತೀಯರು ಎಂದು ಹೇಳಿದ್ದು ನ್ಯಾಯಾಲಯಗಳು, 2010ರಲ್ಲಿ ದೆಹಲಿ ಹೈಕೋರ್ಟ್, 2013ರಲ್ಲಿ ಕರ್ನಾಟಕ ಹೈಕೋರ್ಟ್. ಅತ್ತ ರಾಯಚೂರು ಜಿಲ್ಲೆಯ ಸಿಂಧನೂರಿನ ಪುನರ್ವಸತಿ (ಆರ್‌ಎಚ್) ಕ್ಯಾಂಪುಗಳಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಹಿಂದೂಗಳಿದ್ದಾರೆ. ತಿದ್ದುಪಡಿಯ ನಿಯಮಗಳು 2024ರ ಮಾರ್ಚ್ 11ರಂದು ಹೊರಬಿದ್ದ ಮೇಲೆ ಅಲ್ಲಿನ ಕೆಲವರಿಗೆ ಪೌರತ್ವದ ಪ್ರಮಾಣಪತ್ರ ಸಿಕ್ಕಿತು. ಡಿಸೆಂಬರ್ 9ರ ಹಸಿರು ಗುಂಡಿ ಸಿಂಧನೂರಿನ ಒಂದು ಮನೆಯ ಗೋಡೆಯಲ್ಲಿ ಚೌಕಟ್ಟು ಹಾಕಿಸಿಕೊಂಡು ಕೂತಿರಬಹುದು, ಬೈಲಕುಪ್ಪೆಗೆ ಅದರಿಂದ ಏನೂ ಆಗಲಿಲ್ಲ. ಮತದ ಪಟ್ಟಿಯನ್ನು ಹೀಗೆ ಮನುಷ್ಯರ ತನಕ ಎಳೆದು ನೋಡದಿದ್ದರೆ ಪರ–ವಿರೋಧದ ಲೆಕ್ಕಕ್ಕೆ ಅರ್ಥವೇ ಇರುವುದಿಲ್ಲ.

ಬೇರೆ ದೇಶಗಳಲ್ಲಿ ಈ ಲೆಕ್ಕ ಹೇಗೆ ಇಡುತ್ತಾರೆ ಎಂದು ನೋಡಲು ಶಿರಾ ತಾಲ್ಲೂಕಿನಿಂದಲೇ ಹೊರಡಬಹುದು. ಅಲ್ಲಿನ ದ್ವಾರಾಳು ಗ್ರಾಮದ ಚಂದ್ರ ಆರ್ಯ ಕೆನಡಾದ ನೇಪಿಯನ್ ಕ್ಷೇತ್ರದಿಂದ 2015ರಲ್ಲಿ ಗೆದ್ದು ಮೂರು ಅವಧಿಗೆ ಸಂಸದರಾಗಿದ್ದರು. 2022ರ ಮೇನಲ್ಲಿ ಆ ಸದನದಲ್ಲಿ ಕನ್ನಡದಲ್ಲಿ ಮಾತಾಡಿದ ವಿಡಿಯೊ ನಮ್ಮೆಲ್ಲರ ಮೊಬೈಲಿಗೂ ಬಂದಿತ್ತು. ಆ ಮಾತಿನಷ್ಟೇ ಗಮನಿಸಬೇಕಾದದ್ದು ಅಲ್ಲಿನ ಸದನ ಪ್ರತಿ ಸಂಸದನ ಹೆಸರಿನಲ್ಲಿ ತೆರೆದಿಟ್ಟಿರುವ ಮತದ ಪುಟ. ದಾಖಲಾದ ಪ್ರತಿ ಮತವೂ ಅಲ್ಲಿ ದಿನಾಂಕ ಸಮೇತ ಸಿಗುತ್ತದೆ. 2023ರ ಫೆಬ್ರುವರಿ 1ರಂದು 10,000 ಉಯ್ಗುರ್ ನಿರಾಶ್ರಿತರನ್ನು ಕರೆಸಿಕೊಳ್ಳಬೇಕೆಂಬ ಖಾಸಗಿ ನಿರ್ಣಯ ಆ ಸದನದಲ್ಲಿ 322–0ರಲ್ಲಿ ಒಪ್ಪಿತವಾಯಿತು. ಶೂನ್ಯದ ಎದುರೂ ಅವರು ಎಣಿಸಿದರು. ನಮ್ಮಲ್ಲಾಗಿದ್ದರೆ ಅದು ಅರೆ ನಿಮಿಷದ ಧ್ವನಿಮತ.

ಆಸ್ಟ್ರೇಲಿಯಾದಲ್ಲಂತೂ ಒಂದೊಂದು ಮತಕ್ಕೂ ತೂಕ. ದೂರದ ದ್ವೀಪಗಳಲ್ಲಿ ಕೂಡಿಹಾಕಿದ್ದ ಆಶ್ರಯಾರ್ಥಿಗಳನ್ನು ಕಾಯಿಲೆ ಬಿದ್ದರೆ ಚಿಕಿತ್ಸೆಗೆ ದೇಶದೊಳಗೆ ತರಬೇಕೆಂಬ ಮಸೂದೆ 2019ರ ಫೆಬ್ರುವರಿ 12ರಂದು ಸರ್ಕಾರದ ವಿರೋಧ ಮೀರಿ ಕೆಳಮನೆಯಲ್ಲಿ 75–74ರಲ್ಲಿ ಗೆದ್ದಿತು. ಅದೇ ವರ್ಷ ಡಿಸೆಂಬರ್ 4ರಂದು, ನಮ್ಮ ಮಧ್ಯರಾತ್ರಿಯ ಮತಕ್ಕೆ ಐದು ದಿನ ಮೊದಲು, ಮೇಲ್ಮನೆ 37–35ರಲ್ಲಿ ಆ ಕಾನೂನನ್ನು ರದ್ದು ಮಾಡಿತು. ತೀರ್ಮಾನ ನಿಂತದ್ದು ಟಾಸ್ಮೇನಿಯಾದ ಜಾಕಿ ಲ್ಯಾಂಬಿ ಎಂಬ ಒಬ್ಬ ಸದಸ್ಯೆಯ ಮೇಲೆ. ಅಲ್ಲೂ ಪಕ್ಷಗಳಿವೆ, ಸಚೇತಕರಿದ್ದಾರೆ, ಶಿಸ್ತು ಮೀರಿದವರಿಗೆ ಮುಂದಿನ ಸಲ ಟಿಕೆಟ್ ಸಿಗದೆಯೂ ಹೋಗುತ್ತದೆ. ಪಕ್ಷದ ವಿರುದ್ಧ ಮತ ಹಾಕಿದ್ದಕ್ಕೆ ಸ್ಥಾನವೇ ಹೋಗುವ ಕಾನೂನು ಮಾತ್ರ ಅಲ್ಲಿಲ್ಲ. ಆದ್ದರಿಂದ ಅಲ್ಲಿ ಒಬ್ಬ ಸಂಸದರ ಹತ್ತು ವರ್ಷದ ಮತಗಳನ್ನು ವಿಷಯವಾರು ಜೋಡಿಸಿದರೆ ಆ ಮನುಷ್ಯನ ಒಂದು ಚಹರೆ ಮೂಡುತ್ತದೆ.

ನಮ್ಮಲ್ಲಿ ಅಂಥ ಚಹರೆ ಮೂಡುವ ಜಾಗ ಶುಕ್ರವಾರ ಮಧ್ಯಾಹ್ನ, ಸಚಿವರಲ್ಲದ ಸದಸ್ಯರು ತರುವ ಖಾಸಗಿ ಮಸೂದೆಗಳ ಹೊತ್ತು. 2015ರಲ್ಲಿ ಆಶ್ರಯ ಕೋರುವವರಿಗೊಂದು ಕಾನೂನು ಬೇಕೆಂದು ಮೂರು ಖಾಸಗಿ ಮಸೂದೆಗಳು ಬಂದವು. ತಂದವರು ಕಾಂಗ್ರೆಸ್‌ನ ಶಶಿ ತರೂರ್, ಬಿಜೆಪಿಯ ವರುಣ್ ಗಾಂಧಿ, ಬಿಜೆಡಿಯ ರವೀಂದ್ರ ಕುಮಾರ್ ಜೆನಾ. ಮೂರು ಪಕ್ಷದ ಮೂವರು ಒಂದೇ ಮಾತು ಹೇಳಿದ್ದು ಅಪರೂಪ. ಒಂದೂ ಮತದ ತನಕ ಬರಲಿಲ್ಲ. ಖಾಸಗಿ ಮಸೂದೆಯೊಂದು ಸಂಸತ್ತಿನ ಎರಡೂ ಸದನ ದಾಟಿ ಕಾನೂನಾಗಿದ್ದು ಕೊನೆಯ ಸಲ 1970ರಲ್ಲಿ.

ಇಷ್ಟೆಲ್ಲ ಆದ ಮೇಲೆ ಚಳ್ಳಕೆರೆ, ಮೊಳಕಾಲ್ಮುರಿನ ಮತದಾರ ಮಾಡಬಹುದಾದದ್ದು ಏನಾದರೂ ಇದೆಯೇ? ಅಧಿವೇಶನ ಮುಗಿದಾಗ ಪತ್ರಿಕೆಗಳು ಸಂಸದರ ‘ಸಾಧನೆ’ ಪ್ರಕಟಿಸುತ್ತವೆ. ಹಾಜರಾತಿ ಶೇಕಡಾ ಎಷ್ಟು, ಕೇಳಿದ ಪ್ರಶ್ನೆ ಎಷ್ಟು, ಭಾಗವಹಿಸಿದ ಚರ್ಚೆ ಎಷ್ಟು. ಸಂಸತ್ತಿನ ಕೆಲಸವನ್ನು ಗಮನಿಸುವ ಪಿಆರ್‌ಎಸ್ ಸಂಸ್ಥೆ ಸಂಸದರ ಬಗ್ಗೆ ಇಡುವ ಪಟ್ಟಿಯಲ್ಲೂ ಇವೇ ಅಂಕಣಗಳು. ಮತದ ಅಂಕಣವಿಲ್ಲ. ಹಾಜರಿ ಹಾಕಿ ಹೊರಟವರಿಗೂ ನೂರಕ್ಕೆ ನೂರು ಸಿಗುತ್ತದೆ. ಜಿಲ್ಲೆಯ ಪತ್ರಿಕೆಗಳು ಆ ಪಟ್ಟಿಗೆ ಇನ್ನೊಂದು ಅಂಕಣ ಸೇರಿಸಿದರೂ ಸಾಕು: ಮಸೂದೆಯ ಹೆಸರು, ಪಾಸಾದ ರೀತಿ, ನಮ್ಮ ಎಂಪಿ ಹೆಸರು ಯಾವ ಪಟ್ಟಿಯಲ್ಲಿ. ಬಹಳಷ್ಟು ಸಾಲುಗಳ ಮುಂದೆ ‘ಧ್ವನಿಮತ’ ಎಂದಷ್ಟೇ ಬರುತ್ತದೆ. ಬರಲಿ. ಅಂಥ ಮಸೂದೆಗಳ ಬಗ್ಗೆ ಸಂಸದರಿಗೇ ಕಾಗದ ಬರೆದು ಕೇಳಬಹುದು: ಮಾರ್ಚ್ 27ರಂದು ವಿದೇಶಿಯರ ಮಸೂದೆ ಬಂದಾಗ ತಾವು ಸದನದಲ್ಲಿದ್ದಿರಾ, ಹೌದು ಎಂದಿರಾ, ಯಾಕೆ? ಉತ್ತರ ಕೊಡಲೇಬೇಕೆಂಬ ಕಾನೂನಿಲ್ಲ. ಕೊಟ್ಟರೆ, ಸದನದ ಕಡತದಲ್ಲಿ ಇಲ್ಲದ ಒಂದು ಸಾಲು ಚಿತ್ರದುರ್ಗದವರ ಕೈಗೆ ಸಿಗುತ್ತದೆ. 2029ರ ಚುನಾವಣೆಯವರೆಗೆ ಸಮಯವಿದೆ.